ವೈರಿಗೆ ನೀಡಿದ ಕೈ

ವೈರಿಗಳಿಲ್ಲದ ಗೃಹಸ್ಥನು ಲೋಕದಲ್ಲಿ ದುರ್ಲಭನು. ರಾಜ್ಯಗಳಿಗೆ ಶತ್ರುಗಳು ಗಡಿಯಾಚೆ ಇರುವರು. ನಮ್ಮಂಥ ಸಾಮಾನ್ಯ ಸಂಸಾರಿಗಳಿಗಾದರೋ ಶತ್ರುವು ಅಷ್ಟು ದೂರದಲ್ಲಿರುವುದಿಲ್ಲ. ಬೇಲಿಯಾಚೆಯ ನೆರೆಯವನು, ಪಾಲಿನಲ್ಲಿ ಒಂದು ಗುಂಟೆ ಹೆಚ್ಚು ಪಡೆದನೆಂದು ನಾವು ನಂಬಿರುವ ಅಣ್ಣನೋ ತಮ್ಮನೋ, ಕೊಂಡ ಸಾಲವನ್ನು ತೀರಿಸದ ಸ್ನೇಹಿತನು, ಮದುವೆಯ ಮನೆಯಲ್ಲಿ ಆಡಬಾರದ ಮಾತನ್ನಾಡಿದ ಬೀಗರು, ಇಷ್ಟರಲ್ಲಿಯೇ ನಮ್ಮ ವೈರಿಗಳ ಪಟ್ಟಿಯು ಬಹುಮಟ್ಟಿಗೆ ಮುಗಿದುಹೋಗುವುದು. ಸಂಸ್ಕೃತದಲ್ಲಿ ‘ದಾಯಾದ’ ಎಂಬ ಶಬ್ದಕ್ಕೆ ಪಿತ್ರಾರ್ಜಿತದಲ್ಲಿ ಭಾಗವನ್ನು ಪಡೆಯತಕ್ಕವನು ಎಂದಿಷ್ಟೇ ಅರ್ಥ. ಅದೇ ಶಬ್ದವು ಕನ್ನಡಿಗರ ಮನೆಯಂಗಳಕ್ಕೆ ಬಂದು ‘ದಾಯಾದಿ’ಯಾದ ಮೇಲೆ ಅದಕ್ಕೆ ಹತ್ತಿಕೊಂಡ ಮತ್ಸರದ ವಾಸನೆಯನ್ನು ವಾಚಕರಿಗೆ ವಿವರಿಸಿ ಹೇಳಬೇಕಾದುದಿಲ್ಲ.

ಈ ವಿಷಯದಲ್ಲಿ ನಾವು ಪರರಿಗೆ ಉಪದೇಶಮಾಡಲು ಅರ್ಹರಾದವರಲ್ಲ. ನಮ್ಮ ಮನೆತನದ ಆಸ್ತಿಯು 1996ರಲ್ಲಿ ಪಾಲಾಯಿತು. ಬಾವಿಯಿದ್ದ ತೋಟದ ಭಾಗವು ನಮ್ಮ ಚಿಕ್ಕಪ್ಪನ ಮಗನಿಗೆ ಹೋಯಿತು. ನೀರು ಇಬ್ಬರಿಗೂ ಸೇರಿದ್ದೆಂದು ಹಿರಿಯರ ಮುಂದೆ ಮಾತಾಗಿತ್ತು. ಕಾಗದದಲ್ಲಿ ಆ ಮಾತು ಬರಲಿಲ್ಲ. ಮುಂದಿನ ಬೇಸಗೆಯಲ್ಲಿ ನಮ್ಮ ಅಡಕೆಯ ಸಸಿಗಳು ಒಣಗಿದುವು. ಅಂದಿನಿಂದ ಎರಡು ಮನೆಗಳಿಗೂ ಮಾತು ನಿಂತಿತು. 2003ರಲ್ಲಿ ಆತನ ಮಗನು ನಾವು ಪಾಠ ಹೇಳುತ್ತಿದ್ದ ಶಾಲೆಗೆ ಸೇರಿ, ನಮ್ಮ ಸಂಸ್ಕೃತದ ತರಗತಿಯಲ್ಲಿಯೇ ಬಂದು ಕುಳಿತನು. ಹುಡುಗನು ಬುದ್ಧಿವಂತನು; ಶಬ್ದರೂಪಗಳನ್ನು ಒಂದೂ ತಪ್ಪಿಲ್ಲದೆ ಬರೆಯುವನು. ಅರ್ಧವಾರ್ಷಿಕ ಪರೀಕ್ಷೆಯ ಪತ್ರಿಕೆಗಳನ್ನು ತಿದ್ದುವಾಗ, ಅವನ ಅನುವಾದಕ್ಕೆ ಐದು ಅಂಕಗಳು ಸಲ್ಲಬೇಕಾಗಿದ್ದಲ್ಲಿ ನಾವು ಮೂರನ್ನೇ ಹಾಕಿದೆವು. ತಪ್ಪೇನೆಂದು ಹುಡುಗನು ಕೇಳಲಿಲ್ಲ. ಕೇಳಿದ್ದರೆ ನಮ್ಮಲ್ಲಿ ಉತ್ತರವಿರಲಿಲ್ಲ. ಬಾವಿಯ ನೀರಿನ ಲೆಕ್ಕವನ್ನು ನಾವು ಆ ಮಗುವಿನ ಕಾಗದದ ಮೇಲೆ ಕೆಂಪು ಶಾಯಿಯಿಂದ ತೀರಿಸಿಕೊಂಡಿದ್ದೆವು. ಹಗೆತನವು ಮನುಷ್ಯನನ್ನು ಎಷ್ಟು ಕೆಳಕ್ಕೆ ಇಳಿಸಬಲ್ಲುದೆಂಬುದು ನಮಗೆ ತಿಳಿದುಬಂದುದು ಅಂದು.

ಕ್ರೈಸ್ತಮತದವರಾದ ಸಹೋದ್ಯೋಗಿಯೊಬ್ಬರಲ್ಲಿ ಇದನ್ನು ಹೇಳಿಕೊಂಡೆವು. ಅವರು ನಮ್ಮನ್ನು ನಿಂದಿಸಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಮರುದಿನ ಬೈಬಲಿನ ಕನ್ನಡ ಭಾಷಾಂತರದ ಪ್ರತಿಯೊಂದನ್ನು ತಂದು ನಮ್ಮ ಮೇಜಿನ ಮೇಲೆ ಇಟ್ಟುಹೋದರು. ಶತ್ರುವಿನಲ್ಲಿ ಪ್ರೀತಿಯೆಂಬ ವಿಷಯವಾಗಿ ಅಲ್ಲಿ ನಾವು ಓದಿ ತಿಳಿದುದನ್ನೂ, ಆ ಬೋಧೆಯನ್ನು ಬಾಯಿಂದ ಹೇಳುವುದರಲ್ಲಿ ನಿಲ್ಲಿಸದೆ ನಡೆದು ತೋರಿಸಿದ ಕೆಲವರ ಚರಿತ್ರೆಯನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವಾಗಿರುವುದು.

ಮತ್ತಾಯನು ಬರೆದ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯೇಸುಸ್ವಾಮಿಯು ಬೆಟ್ಟದ ಮೇಲೆ ಕುಳಿತು ಜನರಿಗೆ ಮಾಡಿದ ಬೋಧೆಯುಂಟು. ವೈರಿಗಳನ್ನು ಪ್ರೀತಿಸಬೇಕು, ಹಿಂಸೆಪಡಿಸುವವರಿಗಾಗಿ ದೇವರನ್ನು ಬೇಡಿಕೊಳ್ಳಬೇಕು ಎಂಬ ಉಪದೇಶವು ಬರುವುದು ಅಲ್ಲಿಯೇ. ಇದನ್ನು ಕೇಳುತ್ತಿದ್ದವರು ಯಾರೆಂಬುದನ್ನು ನಾವು ಮರೆಯಲಾಗದು. ಅವರ ದೇಶವು ಆಗ ರೋಮನರ ಅಧೀನದಲ್ಲಿತ್ತು. ದಾರಿಯಲ್ಲಿ ಹೋಗುವವನನ್ನು ಸಿಪಾಯಿಯು ನಿಲ್ಲಿಸಿ ತನ್ನ ಹೊರೆಯನ್ನು ಹೊರಿಸಬಹುದಾಗಿತ್ತು. ಅದು ಬಿಟ್ಟಿಯ ಸೇವೆ. ಒಂದು ಮೈಲಿಯವರೆಗೆ ಹೊರೆಂದು ಬಲಾತ್ಕರಿಸಿದವನೊಡನೆ ಎರಡು ಮೈಲಿ ಹೋಗಬೇಕೆಂದು ಯೇಸುವು ಬೋಧಿಸಿದುದು ಇಂಥ ಜನರಿಗೆ. ವೈರಿಯೆಂದರೆ ಅವರಿಗೆ ಪುಸ್ತಕದಲ್ಲಿ ಓದಿದ ಶಬ್ದವಾಗಿರಲಿಲ್ಲ. ಭುಜದ ಮೇಲೆ ಭಾರವನ್ನಿಟ್ಟವನಾಗಿದ್ದನು. ಈ ಬೋಧೆಗೆ ಅಲ್ಲಿ ಕೊಟ್ಟಿರುವ ಕಾರಣವೂ ಮನನೀಯವಾದುದು. ದೇವರ ಸೂರ್ಯನು ಕೆಟ್ಟವರ ಹೊಲಕ್ಕೂ ಒಳ್ಳೆಯವರ ಹೊಲಕ್ಕೂ ಸಮನಾಗಿ ಉದಯಿಸುವನು, ಮಳೆಯು ಇಬ್ಬರಿಗೂ ಸುರಿಯುವುದು. ದೇವರ ಮಕ್ಕಳೆನ್ನಿಸಿಕೊಳ್ಳತಕ್ಕವರು ಆ ತಂದೆಯ ರೀತಿಯನ್ನೇ ಹಿಡಿಯಬೇಕು ಎಂಬುದು ಅದರ ತಾತ್ಪರ್ಯ. ಮುಂದೆ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಇನ್ನೂ ಆಳಕ್ಕೆ ಹೋಗಿರುವನು. ನಾವೇ ದೇವರಿಗೆ ವೈರಿಗಳಾಗಿದ್ದ ಕಾಲದಲ್ಲಿ ದೇವರು ನಮ್ಮನ್ನು ತನ್ನೊಡನೆ ಸಮಾಧಾನಕ್ಕೆ ತಂದುಕೊಂಡನೆಂಬುದು ಅವನ ನಂಬಿಕೆ. ಆದುದರಿಂದ ಕ್ರೈಸ್ತನು ವೈರಿಗೆ ತೋರಿಸುವ ದಯೆಯು ಮೇಲಿನವನು ಕೆಳಗಿನವನಿಗೆ ಹಾಕುವ ಭಿಕ್ಷೆಯಲ್ಲ. ತಾನು ಪಡೆದ ಸಾಲದಲ್ಲಿ ಒಂದಂಶವನ್ನು ಮರಳಿ ಸಲ್ಲಿಸುವುದಷ್ಟೇ.

ಇಲ್ಲಿ ಒಂದು ಶಂಕೆಯು ಹುಟ್ಟದಿರದು. ಪ್ರೀತಿಯನ್ನು ಆಜ್ಞೆಯಿಂದ ಉಂಟುಮಾಡಬಹುದೆ? ಸ್ನೇಹವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಎಣ್ಣೆಯೆಂಬ ಅರ್ಥವೂ ಉಂಟು. ಅದು ತಾನಾಗಿ ಅಂಟಿಕೊಳ್ಳುವುದು. ವಾತ್ಸಲ್ಯವೆಂಬುದು ‘ವತ್ಸ’ ಶಬ್ದದಿಂದ ಬಂದುದು. ಕರುವನ್ನು ಕಂಡ ಹಸುವಿಗೆ ಹಾಲು ತಾನಾಗಿ ಸುರಿಯುವುದು. ಇಂಥ ಭಾವಗಳನ್ನು ಯಾರ ಅಪ್ಪಣೆಯೂ ಹುಟ್ಟಿಸಲಾರದು. ಆದರೆ ಸುವಾರ್ತೆಯನ್ನು ಬರೆದ ಗ್ರೀಕ್ ಭಾಷೆಯಲ್ಲಿ ಪ್ರೀತಿಗೆ ಅನೇಕ ಶಬ್ದಗಳಿವೆ. ಅವುಗಳಲ್ಲಿ ಈ ಸಂದರ್ಭದಲ್ಲಿ ಬಂದಿರುವುದು ‘ಅಗಾಪೆ’ ಎಂಬುದಕ್ಕೆ ಸೇರಿದ ಕ್ರಿಯಾಪದ. ಅಕ್ಕರೆಯು ಉಕ್ಕಿಬರಲಿ ಬಾರದಿರಲಿ, ಪರನ ಹಿತವನ್ನು ಬಯಸಿ ನಡೆಯುವ ಸಂಕಲ್ಪವೆಂದು ಕ್ರೈಸ್ತ ಪಂಡಿತರು ಅದನ್ನು ವಿವರಿಸುವರು.

ಇದಕ್ಕಿಂತ ಹಳೆಯದಾದ ಯೆಹೂದ್ಯರ ಧರ್ಮಶಾಸ್ತ್ರದಲ್ಲಿಯೂ ಇದೇ ಜಾಡನ್ನು ಕಾಣಬಹುದು. ವಿಮೋಚನಕಾಂಡದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಒಂದು ವಿಧಿಯುಂಟು: ವೈರಿಯ ಎತ್ತಾಗಲಿ ಕತ್ತೆಯಾಗಲಿ ದಾರಿತಪ್ಪಿ ಅಲೆಯುವುದನ್ನು ಕಂಡವನು ಅದನ್ನು ಅವನಿಗೆ ತಂದೊಪ್ಪಿಸತಕ್ಕದ್ದು, ಹಗೆಯವನ ಕತ್ತೆಯು ಹೊರೆಯ ಕೆಳಗೆ ಬಿದ್ದಿದ್ದರೆ ಬಿಟ್ಟುಹೋಗದೆ ಎಬ್ಬಿಸಲು ನೆರವಾಗತಕ್ಕದ್ದು. ಹಸಿದ ವೈರಿಗೆ ಅನ್ನವನ್ನೂ ಬಾಯಾರಿದ ವೈರಿಗೆ ನೀರನ್ನೂ ಕೊಡಬೇಕೆಂದು ಜ್ಞಾನೋಕ್ತಿಗಳಲ್ಲಿ ಹೇಳಿದೆ. ಪೌಲನು ಅದನ್ನೇ ಎತ್ತಿ ಹೇಳಿರುವನು. ವಾಚಕರು ಗಮನಿಸಬೇಕಾದುದೇನೆಂದರೆ, ಈ ವಿಧಿಗಳಲ್ಲಿ ಒಂದಾದರೂ ನಿನ್ನ ಎದೆಯೊಳಗೆ ಏನಿದೆಯೆಂದು ಕೇಳುವುದಿಲ್ಲ. ಎತ್ತಿನ ಹಗ್ಗವನ್ನು ಹಿಡಿ, ಹೊರೆಗೆ ಹೆಗಲುಕೊಡು, ಅನ್ನವನ್ನು ಬಡಿಸು, ನೀರನ್ನು ಕೊಡು ಎಂದಿಷ್ಟನ್ನೇ ಕೇಳುತ್ತವೆ. ಅಂದರೆ ವೈರಿಯ ಮೇಲಣ ಪ್ರೀತಿಯು ಹೃದಯದಿಂದ ಆರಂಭವಾಗಬೇಕೆಂಬ ನಿರ್ಬಂಧವಿಲ್ಲ. ಅದು ಕೈಯಿಂದ ಆರಂಭವಾಗಬಹುದು. ಹೃದಯವು ಹಿಂದಿನಿಂದ ಬಂದರೆ ಬರಲಿ. ಈ ಲೇಖನದಲ್ಲಿ ನಾವು ಹೇಳತಕ್ಕ ಮಾತು ಇದೊಂದೇ; ಮುಂದಿನದೆಲ್ಲವೂ ಅದಕ್ಕೆ ದೃಷ್ಟಾಂತ.

ಮೊದಲನೆಯ ದೃಷ್ಟಾಂತವು ನೆದರ್ಲೆಂಡ್ಸ್ ದೇಶದ್ದು. ಹದಿನಾರನೆಯ ಶತಮಾನದಲ್ಲಿ ಆ ದೇಶವು ಸ್ಪೇನಿನ ರಾಜನಾದ ಎರಡನೆಯ ಫಿಲಿಪ್ಪನ ಆಳಿಕೆಗೆ ಒಳಪಟ್ಟಿತ್ತು. ಶಿಶುವಾಗಿದ್ದಾಗ ಆದ ದೀಕ್ಷಾಸ್ನಾನವು ಸಾಲದು, ತಿಳಿವಳಿಕೆ ಬಂದ ಮೇಲೆ ತಾನಾಗಿ ನಂಬಿ ಅದನ್ನು ಪಡೆಯಬೇಕೆಂದು ಹೇಳುತ್ತಿದ್ದ ಅನಾಬ್ಯಾಪ್ಟಿಸ್ಟ್ ಎಂಬ ಪಂಗಡದವರು ಅಲ್ಲಿದ್ದರು. ಅವರು ಆಯುಧವನ್ನು ಹಿಡಿಯದ ವ್ರತದವರು. ಅವರಿಗೆ ಅಲ್ಲಿ ಮರಣದಂಡನೆಯು ವಿಧಿಸಲ್ಪಡುತ್ತಿತ್ತು. ಹಿಂಸೆಮಾಡಿದವರೂ ಕ್ರೈಸ್ತರೇ, ಹಿಂಸೆಯನ್ನು ಅನುಭವಿಸಿದವರೂ ಕ್ರೈಸ್ತರೇ ಎಂಬುದನ್ನು ಮರೆಮಾಡುವುದು ಸರಿಯಲ್ಲ. ಬೋಧೆಯು ಎಷ್ಟು ಉನ್ನತವಾದುದಾದರೂ ಅದನ್ನು ಮರೆಯುವುದು ಮನುಷ್ಯನಿಗೆ ಎಷ್ಟು ಸುಲಭವೆಂಬುದಕ್ಕೆ ಆ ಕಾಲದ ಚರಿತ್ರೆಯೇ ಸಾಕ್ಷಿ.

ಆಸ್ಪೆರೆನ್ ಎಂಬ ಊರಿನ ದಿರ್ಕ್ ವಿಲ್ಲೆಮ್ಸ್ ಎಂಬವನು ಈ ಪಂಗಡಕ್ಕೆ ಸೇರಿದನು. ತನ್ನ ಮನೆಯಲ್ಲಿ ಗುಟ್ಟಾಗಿ ಸಭೆಗಳನ್ನು ಕೂಡಿಸಿದನು. ಇದಕ್ಕಾಗಿ ಅವನನ್ನು ಹಿಡಿದು ಸೆರೆಯಲ್ಲಿಟ್ಟರು. ಅವನು ಬಟ್ಟೆಯ ತುಂಡುಗಳನ್ನು ಗಂಟುಹಾಕಿ ಹಗ್ಗಮಾಡಿಕೊಂಡು ಕಿಟಕಿಯಿಂದ ಇಳಿದು ಓಡಿದನು. ಚಳಿಗಾಲ, ಎದುರಿಗೆ ಹೆಪ್ಪುಗಟ್ಟಿದ ನೀರು. ಸೆರೆಮನೆಯ ಅರೆಹೊಟ್ಟೆಯಿಂದ ಬಡಕಲಾಗಿದ್ದ ಅವನ ದೇಹವನ್ನು ತೆಳುವಾದ ಮಂಜುಗಡ್ಡೆಯು ತಾಳಿಕೊಂಡಿತು. ಅವನು ದಾಟಿ ಆಚೆಯ ದಡವನ್ನು ಸೇರಿದನು. ಹಿಂದೆ ಅಟ್ಟಿಸಿಕೊಂಡು ಬಂದ ರಾಜಭಟನ ಭಾರವನ್ನು ಅದು ತಾಳಲಿಲ್ಲ. ಗಡ್ಡೆಯು ಒಡೆಯಿತು; ಭಟನು ಕೊರೆಯುವ ನೀರಿನಲ್ಲಿ ಮುಳುಗತೊಡಗಿ ಕೂಗಿಕೊಂಡನು. ದಿರ್ಕನು ಆಗ ಸ್ವತಂತ್ರನು. ಇನ್ನು ನಾಲ್ಕು ಹೆಜ್ಜೆ ಓಡಿದ್ದರೆ ಪ್ರಾಣವು ಉಳಿಯುತ್ತಿತ್ತು. ವೈರಿಯನ್ನು ಅವನು ಮುಳುಗಿಸಿದವನಲ್ಲವಾದುದರಿಂದ ದೋಷವೂ ಅಂಟುತ್ತಿರಲಿಲ್ಲ. ಆದರೂ ಅವನು ಹಿಂದಿರುಗಿದನು. ಬಿರುಕುಬಿಟ್ಟ ಮಂಜಿನ ಮೇಲೆ ಬಂದು ಎರಡು ಕೈಗಳನ್ನೂ ಚಾಚಿ ಆ ಭಟನನ್ನು ಮೇಲಕ್ಕೆ ಎಳೆದುಕೊಂಡನು.

ಬದುಕಿದ ಭಟನಿಗೆ ಅವನನ್ನು ಬಿಟ್ಟುಬಿಡಲು ಮನಸ್ಸಾಯಿತು. ಆದರೆ ಊರಿನ ಅಧಿಕಾರಿಯು ದಡದಿಂದಲೇ ಕೂಗಿ, ನೀನು ಮಾಡಿದ ಪ್ರಮಾಣವನ್ನು ಮರೆಯಬೇಡವೆಂದು ಎಚ್ಚರಿಸಿದನು. ದಿರ್ಕನು ಮತ್ತೆ ಸೆರೆಯಾದನು. 1569ನೆಯ ಇಸವಿ ಮೇ 16ರಂದು ಅವನನ್ನು ಆಸ್ಪೆರೆನ್ನಿನ ಹೊರಗೆ ಜೀವಂತವಾಗಿ ಸುಟ್ಟರು. ಅಂದು ಮೂಡಣ ಗಾಳಿಯು ಬಲವಾಗಿ ಬೀಸುತ್ತಿದ್ದುದರಿಂದ ಬೆಂಕಿಯು ಮೇಲಕ್ಕೆ ಏರದೆ, ಅವನು ಬಹಳ ಹೊತ್ತು ನರಳಿ ಸತ್ತನೆಂದು ತಿಳಿದುಬರುತ್ತದೆ. ವಾನ್ ಬ್ರಾಖ್ಟ್ ಎಂಬವನು 1660ರಲ್ಲಿ ಪ್ರಕಟಿಸಿದ ಹುತಾತ್ಮರ ಚರಿತ್ರೆಯಲ್ಲಿ ಈ ವೃತ್ತಾಂತವಿರುವುದು. 1685ರ ಆವೃತ್ತಿಗೆ ಯಾನ್ ಲಾಯ್ಕೆನ್ ಎಂಬ ಚಿತ್ರಕಾರನು ಕೊರೆದ ಚಿತ್ರದಲ್ಲಿ ದಿರ್ಕನು ಬಗ್ಗಿ ಕೈಚಾಚಿರುವುದನ್ನು ಇಂದಿಗೂ ನೋಡಬಹುದು.

ಈ ಕಥೆಯನ್ನು ಮೊದಲು ಓದಿದಾಗ ನಮಗೆ ಸಮಾಧಾನವಾಗಲಿಲ್ಲವೆಂದೇ ಹೇಳಬೇಕು. ದಯೆಗೆ ಪ್ರತಿಯಾಗಿ ದಯೆಯು ದೊರೆತು, ಭಟನೂ ದಿರ್ಕನೂ ಮಿತ್ರರಾಗಿ ಬಾಳಿದರೆಂದು ಮುಗಿದಿದ್ದರೆ ಅದನ್ನು ನಮ್ಮ ವಿದ್ಯಾರ್ಥಿಗಳಿಗೆ ಸುಲಭವಾಗಿ ಹೇಳಬಹುದಾಗಿತ್ತು. ಆದರೆ ಹಾಗೆ ಮುಗಿಯಲಿಲ್ಲ. ನಮ್ಮ ಮಹಾಭಾರತದಲ್ಲಿಯೂ ಇಂಥ ಒಂದು ಪ್ರಸಂಗವು ಬರುವುದು. ವನವಾಸದಲ್ಲಿದ್ದ ಪಾಂಡವರ ಮುಂದೆ ತನ್ನ ವೈಭವವನ್ನು ಮೆರೆಯಬೇಕೆಂದು ಘೋಷಯಾತ್ರೆಯ ನೆಪದಿಂದ ಬಂದ ದುರ್ಯೋಧನನನ್ನು ಚಿತ್ರಸೇನನೆಂಬ ಗಂಧರ್ವನು ಸೆರೆಹಿಡಿದನು. ಭೀಮನು ಅದನ್ನು ಕೇಳಿ ಸಂತೋಷಪಟ್ಟರೂ ಧರ್ಮರಾಯನು ಒಪ್ಪದೆ, ತಮ್ಮಂದಿರನ್ನು ಕಳುಹಿಸಿ ವೈರಿಯನ್ನು ಬಿಡಿಸಿದನು. ಫಲವೇನಾಯಿತು? ಬಿಡುಗಡೆಯ ಉಪಕಾರವೇ ದುರ್ಯೋಧನನಿಗೆ ಅಪಮಾನವಾಯಿತು; ಅವನು ಪ್ರಾಯೋಪವೇಶಕ್ಕೆ ಕುಳಿತನು; ಕೊನೆಗೆ ಎದ್ದಾಗ ಹಗೆಯು ಮೊದಲಿಗಿಂತ ಬಲವಾಗಿತ್ತು. ಧರ್ಮರಾಯನು ಅಲ್ಲಿ ಕುಲದ ಮಾನವನ್ನು ಕಾರಣವಾಗಿ ಹೇಳಿದನು; ದಿರ್ಕನಿಗೆ ಆ ಕಾರಣವೂ ಇರಲಿಲ್ಲ. ಎರಡು ಕಥೆಗಳಿಂದಲೂ ನಾವು ಕಲಿಯತಕ್ಕ ಪಾಠವೊಂದಿದೆ. ವೈರಿಯಲ್ಲಿ ದಯೆಯೆಂಬುದು ಅವನನ್ನು ಗೆಲ್ಲುವ ಉಪಾಯವಲ್ಲ, ಬಡ್ಡಿಗಾಗಿ ಹೂಡಿದ ಹಣವೂ ಅಲ್ಲ. ಅವನು ಬದಲಾಗಬಹುದು, ಬದಲಾಗದಿರಬಹುದು. ಬದಲಾಗುವನೆಂಬ ಖಾತರಿಯನ್ನು ಬೇಡುವವನು ವ್ಯಾಪಾರಿಯೇ ಹೊರತು ದಯಾಳುವಲ್ಲ.

ಕೈಯು ಮೊದಲು, ಹೃದಯವು ಆಮೇಲೆ ಎಂಬುದಕ್ಕೆ ಎರಡನೆಯ ದೃಷ್ಟಾಂತವೂ ಆ ದೇಶದವಳದೇ. ಹಾರ್ಲೆಮ್ ಪಟ್ಟಣದಲ್ಲಿ ಗಡಿಯಾರದ ಅಂಗಡಿಯಿಟ್ಟುಕೊಂಡಿದ್ದ ಟೆನ್ ಬೋಮ್ ಎಂಬ ಮನೆತನವಿತ್ತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಆ ದೇಶವನ್ನು ಆಕ್ರಮಿಸಿ ಯೆಹೂದ್ಯರನ್ನು ಬೇಟೆಯಾಡುತ್ತಿದ್ದಾಗ ಈ ಕ್ರೈಸ್ತ ಕುಟುಂಬದವರು ತಮ್ಮ ಮನೆಯಲ್ಲಿ ಯೆಹೂದ್ಯರನ್ನು ಅಡಗಿಸಿಟ್ಟು ಕಾಪಾಡಿದರು. 1944ರ ಫೆಬ್ರವರಿಯಲ್ಲಿ ಮನೆಯವರೆಲ್ಲರೂ ಸೆರೆಯಾದರು. ಎಂಬತ್ತನಾಲ್ಕು ವಯಸ್ಸಿನ ತಂದೆಯು ಹತ್ತು ದಿನಗಳಲ್ಲಿಯೇ ತೀರಿಕೊಂಡರು. ಕೋರಿ ಮತ್ತು ಬೆಟ್ಸಿ ಎಂಬ ಅಕ್ಕತಂಗಿಯರನ್ನು ರಾವೆನ್ಸ್‌ಬ್ರುಕ್ ಎಂಬ ಸ್ತ್ರೀಯರ ಬಂಧನ ಶಿಬಿರಕ್ಕೆ ಸಾಗಿಸಿದರು. ಅಕ್ಕ ಬೆಟ್ಸಿಯು ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿಯೇ ಸತ್ತಳು. ಕೋರಿಯು ಆ ತಿಂಗಳ ಕೊನೆಗೆ ಬಿಡುಗಡೆ ಹೊಂದಿದಳು.

ಯುದ್ಧವು ಮುಗಿದ ಮೇಲೆ ಕೋರಿಯು ಊರೂರಿಗೆ ಹೋಗಿ ಕ್ಷಮೆಯ ವಿಷಯವಾಗಿ ಉಪನ್ಯಾಸಗಳನ್ನು ಮಾಡುತ್ತಿದ್ದಳು. 1947ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ದೇವಾಲಯವೊಂದರಲ್ಲಿ ಉಪನ್ಯಾಸವು ಮುಗಿದ ಬಳಿಕ ಒಬ್ಬನು ಅವಳ ಬಳಿಗೆ ಬಂದನು. ನೋಡಿದೊಡನೆ ಅವಳು ಗುರುತಿಸಿದಳು: ಅವನು ಆ ಶಿಬಿರದ ಕಾವಲುಗಾರರಲ್ಲಿ ಒಬ್ಬನು. ತಾನು ಈಗ ಕ್ರೈಸ್ತನಾಗಿರುವೆನೆಂದೂ, ದೇವರು ತನ್ನನ್ನು ಮನ್ನಿಸಿರುವನೆಂದೂ, ನಿಮ್ಮ ಬಾಯಿಂದಲೂ ಆ ಮಾತನ್ನು ಕೇಳಬೇಕೆಂದೂ ಹೇಳಿ ಅವನು ಕೈಯನ್ನು ಮುಂದೆ ಚಾಚಿದನು. ಆವರೆಗೆ ಕ್ಷಮೆಯನ್ನು ಕುರಿತು ಮಾತನಾಡಿದ ಅವಳ ಕೈಯು ಮೇಲಕ್ಕೆ ಏಳಲಿಲ್ಲ. ಅವಳು ತನ್ನ ಕೈಚೀಲದಲ್ಲಿ ಏನನ್ನೋ ಹುಡುಕುವವಳಂತೆ ನಟಿಸಿದಳು. ಅಕ್ಕನ ಮರಣವು ಕಣ್ಣಮುಂದೆ ನಿಂತಿತ್ತು. ಕೊನೆಗೆ, ಕೈಯನ್ನು ಮಾತ್ರ ನಾನು ಎತ್ತಬಲ್ಲೆ, ಭಾವವನ್ನು ನೀನೇ ಕೊಡಬೇಕೆಂದು ದೇವರಲ್ಲಿ ಮೌನವಾಗಿ ಮೊರೆಯಿಟ್ಟು, ಮರದ ಕೈಯನ್ನು ಎತ್ತುವಂತೆ ತನ್ನ ಕೈಯನ್ನೆತ್ತಿ ಅವನ ಕೈಯಲ್ಲಿಟ್ಟಳು. ಇಟ್ಟ ಮೇಲೆಯೇ ಎದೆಯು ಕರಗಿತೆಂದು ಅವಳು ಬರೆದಿರುವಳು.

ಮನಸ್ಸಿಲ್ಲದೆ ಮಾಡಿದ ಕಾರ್ಯವು ಕಪಟವಲ್ಲವೆ ಎಂದು ಕೆಲವರು ಕೇಳಬಹುದು. ಕೇಡು ಮಾಡುವ ಉದ್ದೇಶವನ್ನು ಒಳಗಿಟ್ಟುಕೊಂಡು ಹೊರಗೆ ನಗುವುದು ಕಪಟವು. ಒಳ್ಳೆಯದನ್ನು ಮಾಡಬೇಕೆಂದು ನಿಶ್ಚಯಿಸಿ, ಒಪ್ಪದ ಮನಸ್ಸನ್ನು ಎಳೆದುಕೊಂಡು ಹೋಗುವುದು ಅಭ್ಯಾಸವು. ಅಕ್ಷರವನ್ನು ಕಲಿಯುವ ಮಗುವಿನ ಕೈಯನ್ನು ಹಿಡಿದು ನಾವು ತಿದ್ದಿಸುವಾಗ ಆ ಮಗುವಿಗೆ ಅಕ್ಷರವು ಬಂದಿರುವುದಿಲ್ಲ. ತಿದ್ದಿ ತಿದ್ದಿಯೇ ಬರುವುದು.

ಮೂರನೆಯದು ನಮ್ಮ ದೇಶದಲ್ಲಿ ನಡೆದುದು. ಕೇರಳದಲ್ಲಿ ಹುಟ್ಟಿದ ರಾಣಿ ಮರಿಯ ಎಂಬ ಕ್ರೈಸ್ತ ಸನ್ಯಾಸಿನಿಯು ಮಧ್ಯಪ್ರದೇಶದ ಉದಯನಗರದ ಪ್ರಾಂತದಲ್ಲಿ ಬಡ ರೈತರ ನಡುವೆ ಕೆಲಸಮಾಡುತ್ತಿದ್ದರು. ಲೇವಾದೇವಿಗಾರರ ಹಿಡಿತದಿಂದ ಆ ಬಡವರನ್ನು ಬಿಡಿಸಲು ಅವರು ಪ್ರಯತ್ನಿಸಿದುದು ಕೆಲವರಿಗೆ ಸಹಿಸಲಿಲ್ಲ. 1995ನೆಯ ಇಸವಿ ಫೆಬ್ರವರಿ 25ರಂದು ಅವರು ಇಂದೋರಿಗೆ ಹೋಗುವ ಬಸ್ಸಿನಲ್ಲಿದ್ದಾಗ, ಗೊತ್ತುಮಾಡಿ ಕಳುಹಿಸಲ್ಪಟ್ಟ ಯುವಕನೊಬ್ಬನು ಇತರ ಪ್ರಯಾಣಿಕರ ಎದುರಿನಲ್ಲಿಯೇ ಅವರನ್ನು ಇರಿದು ಕೊಂದನು. ಅವನಿಗೆ ಆಜೀವ ಸೆರೆಯಾಯಿತು.

ರಾಣಿ ಮರಿಯರ ತಂಗಿ ಸೆಲ್ಮಿ ಪೌಲ್ ಎಂಬವರೂ ಸನ್ಯಾಸಿನಿಯೇ. 2002ರಲ್ಲಿ ರಕ್ಷಾಬಂಧನದ ಹಬ್ಬದಲ್ಲಿ ಆಕೆಯು ಇಂದೋರಿನ ಸೆರೆಮನೆಗೆ ಹೋಗಿ, ತನ್ನ ಅಕ್ಕನನ್ನು ಕೊಂದವನ ಕೈಗೆ ರಾಖಿಯನ್ನು ಕಟ್ಟಿ ಅವನನ್ನು ಅಣ್ಣನೆಂದು ಸ್ವೀಕರಿಸಿದರು. ಕತ್ತಿಯನ್ನು ಹಿಡಿದ ಕೈಯೇ ಅದು. ಆಕೆಯ ಧರ್ಮವು ಕ್ರೈಸ್ತಧರ್ಮ. ಆಕೆಯು ಬಳಸಿದುದು ನಮ್ಮ ದೇಶದ ಅಕ್ಕತಂಗಿಯರ ದಾರ. ಮನೆಯವರು ಅವನ ಬಿಡುಗಡೆಗೆ ತಮ್ಮ ಒಪ್ಪಿಗೆಯನ್ನು ತಿಳಿಸಿದರು. ಅವನು 2006ರಲ್ಲಿ ಹೊರಗೆ ಬಂದನು. ಅನಂತರ ಕೇರಳದ ತಮ್ಮ ಮನೆಗೂ ಅವನನ್ನು ಬರಮಾಡಿಕೊಂಡರು. ದಿರ್ಕನ ಪಾಲಿಗೆ ಬಾರದಿದ್ದ ಫಲವು ಇಲ್ಲಿ ಬಂದಿತು: ಆ ಮನುಷ್ಯನು ಪಶ್ಚಾತ್ತಾಪಪಟ್ಟನು, ಬದಲಾದನು. 2017ರ ನವೆಂಬರ್ 4ರಂದು ಇಂದೋರಿನಲ್ಲಿ ಕಥೋಲಿಕ ಸಭೆಯು ರಾಣಿ ಮರಿಯರನ್ನು ಧನ್ಯರ ಪಂಕ್ತಿಗೆ ಸೇರಿಸಿತು. ಫಲವು ಬಂದಾಗ ಸಂತೋಷಪಡೋಣ. ಆದರೆ ಸೆಲ್ಮಿಯವರು ದಾರವನ್ನು ಕಟ್ಟಿದ ಗಳಿಗೆಯಲ್ಲಿ ಮುಂದೇನಾಗುವುದೆಂಬುದು ಅವರಿಗೂ ಗೊತ್ತಿರಲಿಲ್ಲವಷ್ಟೆ.

ಹೀಗಾದರೆ ದುಷ್ಟರಿಗೆ ಭಯವೆಲ್ಲಿ, ದಂಡನೀತಿಗೆ ಸ್ಥಾನವೆಲ್ಲಿ ಎಂಬ ಪ್ರಶ್ನೆಯು ನ್ಯಾಯವಾದುದು. ಇದಕ್ಕೆ ಉತ್ತರವು ಗ್ಲಾಡಿಸ್ ಸ್ಟೇನ್ಸ್ ಅವರ ನಡತೆಯಲ್ಲಿ ದೊರೆಯುವುದೆಂದು ನಮ್ಮ ಭಾವನೆ. ಆಸ್ಟ್ರೇಲಿಯದವರಾದ ಅವರ ಪತಿ ಗ್ರಹಾಂ ಸ್ಟೇನ್ಸ್ ಅವರು 1965ರಲ್ಲಿ ಭಾರತಕ್ಕೆ ಬಂದು, ಒಡಿಶಾದ ಬಾರಿಪದದಲ್ಲಿ ಕುಷ್ಠರೋಗಿಗಳ ಸೇವೆಯಲ್ಲಿ ನಿರತರಾಗಿದ್ದರು. 1999ರ ಜನವರಿ 22ರ ರಾತ್ರಿಯಲ್ಲಿ ಮನೋಹರಪುರವೆಂಬ ಹಳ್ಳಿಯಲ್ಲಿ ಅವರೂ ಅವರ ಇಬ್ಬರು ಗಂಡುಮಕ್ಕಳೂ ತಮ್ಮ ವಾಹನದೊಳಗೆ ಮಲಗಿದ್ದಾಗ ಗುಂಪೊಂದು ಅದಕ್ಕೆ ಬೆಂಕಿಯಿಟ್ಟಿತು, ಮೂವರೂ ಸತ್ತರು. ಮಕ್ಕಳಲ್ಲಿ ಒಬ್ಬನಿಗೆ ಹತ್ತು ವರ್ಷ, ಮತ್ತೊಬ್ಬನಿಗೆ ಆರು ವರ್ಷ. ಗ್ಲಾಡಿಸ್ ಅವರು ತಮ್ಮಲ್ಲಿ ದ್ವೇಷವಿಲ್ಲವೆಂದೂ ಕೊಂದವರನ್ನು ಕ್ಷಮಿಸಿರುವೆನೆಂದೂ ಹೇಳಿದರು. ಅದರೊಡನೆಯೇ, ಕ್ಷಮೆಯು ಬೇರೆ, ಅಪರಾಧಕ್ಕೆ ರಾಜ್ಯದ ನ್ಯಾಯವು ವಿಧಿಸುವ ಫಲವು ಬೇರೆ, ಎರಡನ್ನೂ ಬೆರಸಬಾರದೆಂಬ ಅಭಿಪ್ರಾಯವನ್ನೂ ತಿಳಿಸಿದರು. ನ್ಯಾಯಾಲಯವು ತನ್ನ ಕೆಲಸವನ್ನು ಮಾಡಿತು. ಮುಖ್ಯ ಅಪರಾಧಿಗೆ ವಿಧಿಸಿದ ಆಜೀವ ಸೆರೆಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಥಿರಪಡಿಸಿತು. ಗ್ಲಾಡಿಸ್ ಅವರೂ ತಮ್ಮ ಕೆಲಸವನ್ನು ಮಾಡಿದರು. ಉಳಿದ ಒಬ್ಬ ಮಗಳನ್ನು ಜೊತೆಯಲ್ಲಿಟ್ಟುಕೊಂಡು, ಆ ರೋಗಿಗಳನ್ನು ಬಿಟ್ಟುಹೋಗದೆ 2004ರವರೆಗೆ ಅಲ್ಲಿಯೇ ಸೇವೆಮಾಡಿದರು. 2005ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತಿತು.

ಇಲ್ಲಿ ಗೃಹಸ್ಥರು ವಿಶೇಷವಾಗಿ ನೆನಪಿಡತಕ್ಕ ಎರಡು ಮಾತುಗಳಿವೆ. ಮೊದಲನೆಯದು: ನೊಂದವರೇ ಕ್ಷಮಿಸಬಲ್ಲರು, ನೋಡುವವರಲ್ಲ. ಗಂಡನ ಹೊಡೆತವನ್ನು ತಾಳಲಾರದೆ ತವರಿಗೆ ಬಂದ ಮಗಳಿಗೆ, ಕ್ಷಮೆಯು ದೊಡ್ಡ ಗುಣವೆಂದು ಉಪದೇಶಿಸಿ ಅದೇ ಮನೆಗೆ ಮರಳಿ ಅಟ್ಟುವುದು ದಯೆಯಲ್ಲ. ಅದು ನಮ್ಮ ಮಾನವನ್ನು ಕಾಪಾಡಿಕೊಳ್ಳಲು ಅವಳ ಮೈಯನ್ನು ಒತ್ತೆಯಿಡುವುದು. ಎರಡನೆಯದು: ಕ್ಷಮಿಸುವುದೆಂದರೆ ನಡೆದುದನ್ನು ನಡೆಯಲಿಲ್ಲವೆನ್ನುವುದಲ್ಲ. ಸುಳ್ಳಿನ ಮೇಲೆ ಕಟ್ಟಿದ ಸಮಾಧಾನವು ನಿಲ್ಲದು. ಸಂಸ್ಕೃತದಲ್ಲಿ ‘ಕ್ಷಮಾ’ ಎಂದರೆ ಭೂಮಿಯೆಂದೂ ಅರ್ಥವುಂಟು. ಭೂಮಿಯು ತುಳಿತವನ್ನು ತಾಳಿಕೊಳ್ಳುವುದು ನಿಜ. ಆದರೆ ಅದು ತುಳಿದ ಹೆಜ್ಜೆಯ ಗುರುತನ್ನು ಅಳಿಸಿ ತೋರಿಸುವುದಿಲ್ಲ, ಅದರ ಮೇಲೆಯೇ ಹುಲ್ಲನ್ನು ಬೆಳೆಯಿಸುವುದು.

ಇನ್ನು ನಮ್ಮ ಕಥೆಯನ್ನು ಮುಗಿಸಬೇಕು. ಸಹೋದ್ಯೋಗಿಯು ಕೊಟ್ಟ ಗ್ರಂಥವನ್ನು 2003ರಲ್ಲಿಯೇ ಓದಿದೆವು; ಓದಿ ಹನ್ನೊಂದು ವರ್ಷ ಏನನ್ನೂ ಮಾಡಲಿಲ್ಲ. ಓದುವುದಕ್ಕೂ ಮಾಡುವುದಕ್ಕೂ ನಡುವಣ ದೂರವು ಮೇಷ್ಟರುಗಳಿಗೆ ಚೆನ್ನಾಗಿ ಗೊತ್ತು. 2014ರಲ್ಲಿ ಆ ದಾಯಾದಿಯ ಹೆಂಡತಿಯು ತೀರಿಕೊಂಡಳು. ಮಾತು ಬಿಟ್ಟರೂ ಸೂತಕವು ಬಿಡದಷ್ಟೆ. ಹದಿನೆಂಟು ವರ್ಷಗಳ ಮೇಲೆ ನಾವು ಆ ಅಂಗಳಕ್ಕೆ ಕಾಲಿಟ್ಟೆವು. ಯಾರೂ ಬನ್ನಿರೆಂದು ಕರೆಯಲಿಲ್ಲ. ದಹನವನ್ನು ಮುಗಿಸಿ ಬಂದವರೆಲ್ಲರ ಸ್ನಾನಕ್ಕೆ ನೀರು ಬೇಕಾಗಿತ್ತು. ವಿದ್ಯುತ್ತು ಹೋಗಿ ಪಂಪು ನಿಂತಿತ್ತು. ಏನು ಮಾಡಬೇಕೆಂದು ತೋರದೆ ನಿಂತಿದ್ದ ನಾವು ಬಾವಿಯ ಕಟ್ಟೆಗೆ ಹೋಗಿ ರಾಟೆಯ ಹಗ್ಗವನ್ನು ಹಿಡಿದೆವು. ಯಾವ ಬಾವಿಯ ನೀರಿಗಾಗಿ ಮಾತು ಬಿಟ್ಟಿದ್ದೆವೋ ಅದೇ ಬಾವಿ. ನಿಜವನ್ನು ಹೇಳುವುದಾದರೆ, ಮೊದಲನೆಯ ಕೊಡವನ್ನು ಸೇದುವಾಗ ನಮ್ಮ ಎದೆಯಲ್ಲಿ ಪ್ರೀತಿಯಿರಲಿಲ್ಲ. ಒಣಗಿದ ಅಡಕೆಯ ಸಸಿಗಳೇ ಇದ್ದುವು. ಎಷ್ಟು ಕೊಡಗಳನ್ನು ಸೇದಿದೆವೋ ನೆನಪಿಲ್ಲ. ಅಂಗೈ ಸುಲಿದಿತ್ತು. ಆತನು ಜಗಲಿಯಿಂದ ನೋಡಿದನು, ಮಾತನಾಡಲಿಲ್ಲ.

ಅಂದು ಬೇರೊಂದು ಕೈಯು ಬಂದು ಹಗ್ಗವನ್ನು ಹಿಡಿಯಿತು. ಆತನ ಮಗನು. ಇಪ್ಪತ್ತೈದು ವಯಸ್ಸಿನ ಆಳಾಗಿದ್ದನು. ಹದಿಮೂರನೆಯ ದಿನದ ಕಾರ್ಯವು ಮುಗಿದ ಮೇಲೆ ಅವನನ್ನು ಪಕ್ಕಕ್ಕೆ ಕರೆದು, ಹನ್ನೊಂದು ವರ್ಷಗಳ ಹಿಂದಿನ ಆ ಎರಡು ಅಂಕಗಳ ವಿಷಯವನ್ನು ಹೇಳಿ ತಪ್ಪನ್ನು ಒಪ್ಪಿಕೊಂಡೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಗಲೇ ಗೊತ್ತಾಗಿತ್ತು, ದೊಡ್ಡಪ್ಪ. ಅಪ್ಪನಿಗೆ ಹೇಳಲಿಲ್ಲ; ಹೇಳಿದ್ದರೆ ಜಗಳ ಇನ್ನೂ ಹೆಚ್ಚುತ್ತಿತ್ತು” ಎಂದನು.

ಹದಿನಾಲ್ಕು ವಯಸ್ಸಿನ ಹುಡುಗನು ನಮ್ಮ ಅನ್ಯಾಯವನ್ನು ತಿಳಿದೂ ನುಂಗಿಕೊಂಡು, ಮರುದಿನ ಎಂದಿನಂತೆ ತರಗತಿಯಲ್ಲಿ ಎದ್ದುನಿಂತು ನಮಗೆ ನಮಸ್ಕರಿಸಿದ್ದನು. ವೈರಿಗೆ ದಯೆಯನ್ನು ತೋರಿಸುವುದು ಹೇಗೆಂದು ನಾವು ಪುಸ್ತಕದಲ್ಲಿ ಹುಡುಕುತ್ತಿದ್ದ ವರ್ಷಗಳಲ್ಲೆಲ್ಲ, ಆ ಮನೆಯಲ್ಲಿ ಒಬ್ಬನು ನಮಗೆ ದಯೆಯನ್ನು ತೋರಿಸುತ್ತಲೇ ಇದ್ದನು. ದೇವರಿಗೆ ವೈರಿಗಳಾಗಿದ್ದಾಗಲೇ ದಯೆಯನ್ನು ಪಡೆದೆವೆಂದು ಪೌಲನು ಬರೆದುದರ ಅರ್ಥವು ನಮಗೆ ಆದುದು ಆ ಜಗಲಿಯ ಮೇಲೆ. ನಾವು ವೈರಿ ವೈರಿಯೆಂದು ಎಣಿಸುತ್ತ ಕುಳಿತಿರುವಾಗ, ಯಾರದೋ ಎಣಿಕೆಯಲ್ಲಿ ನಾವೇ ವೈರಿಗಳಾಗಿರುವೆವೆಂಬುದು ನಮಗೆ ಹೊಳೆಯುವುದಿಲ್ಲ.

ಆ ದಾಯಾದಿಯು ಇಂದಿಗೂ ನಮ್ಮೊಡನೆ ಹೆಚ್ಚು ಮಾತನಾಡುವುದಿಲ್ಲ. ದಾರಿಯಲ್ಲಿ ಎದುರಾದರೆ, ಮಳೆ ಬಂತೇ, ಊಟವಾಯಿತೇ ಎಂಬಷ್ಟಕ್ಕೆ ಮಾತು ನಿಲ್ಲುವುದು. ನೀರಿನ ಹಕ್ಕು ಇಂದಿಗೂ ಕಾಗದಕ್ಕೆ ಬಂದಿಲ್ಲ. ಆದರೂ ಬೇಸಗೆಯಲ್ಲಿ ಆ ಬಾವಿಯ ಕಟ್ಟೆಯ ಮೇಲೆ ಒಂದು ಹಗ್ಗವೂ ಕೊಡವೂ ನಮ್ಮ ಕಡೆಯ ಬೇಲಿಗೆ ಹತ್ತಿರವಾಗಿ ಇಟ್ಟಿರುತ್ತವೆ. ಇಟ್ಟವರಾರೆಂದು ನಾವು ಕೇಳಿಲ್ಲ.